ಸೆಳೆತದ ಜೊತೆ

ದೋಣಿಯ ಅಂಚಿನಲ್ಲಿ ನಾವು ಆರು ಜನ ಸಾಲಾಗಿ ಕೂತಿದ್ದೆವು. ಬೆನ್ನಿಗೆ ಸಿಲಿಂಡರ್, ಕಾಲಿಗೆ ಫಿನ್, ಎಲ್ಲ ತಯಾರು. ಗೈಡ್ ಮಾತ್ರ ಇಳಿಯಿರಿ ಅನ್ನಲಿಲ್ಲ. ಬರೀ ಮಾಸ್ಕ್ ಹಾಕಿಕೊಂಡು ತಾನೊಬ್ಬನೇ ನೀರಿಗೆ ಹಾರಿದ. ಮುಖ ಕೆಳಗೆ ಮಾಡಿ, ಕೈಕಾಲು ಆಡಿಸದೆ, ಕೆಳಗಿನ ಹವಳವನ್ನೇ ನೋಡುತ್ತಾ ಸುಮ್ನೆ ತೇಲಿದ. ಅರ್ಧ ನಿಮಿಷ ಆಗಿರಬೇಕು. ಆಮೇಲೆ ತಲೆ ಎತ್ತಿ, ಅಂಗೈಯನ್ನು ಚಪ್ಪಟೆ ಮಾಡಿ, ಗಾಳಿಯಲ್ಲಿ ಪಶ್ಚಿಮದ ಕಡೆಗೆ ಜಾರಿಸಿ ತೋರಿಸಿದ.

"ಒಳಗೆ ಹೋಗ್ತಾ ಇದೆ. ಚೆನ್ನಾಗಿದೆ. ಬನ್ನಿ."

ಅದು 2023ರ ಫೆಬ್ರವರಿ. ಮಾಲ್ಡೀವ್ಸ್‌ನ ದಕ್ಷಿಣ ಮಾಲೆ ಅಟಾಲ್‌ನ ಪೂರ್ವದ ಅಂಚು. ನಡುವೆ ನೀರು, ಸುತ್ತ ಉಂಗುರದ ಹಾಗೆ ಹವಳದ ದಿಬ್ಬ ಮತ್ತು ದ್ವೀಪಗಳು, ಅದು ಅಟಾಲ್. ನಾನು ಡ್ರಿಫ್ಟ್ ಡೈವಿಂಗ್‌ಗೆ ಇಳಿದದ್ದು ಅದೇ ಮೊದಲು. ಡ್ರಿಫ್ಟ್ ಅಂದರೆ ನೀರಿನ ಹರಿವು ಎತ್ತ ಕರೆದುಕೊಂಡು ಹೋಗುತ್ತದೋ ಅತ್ತ ಹೋಗುವುದು. ಒಂದು ಕಡೆ ಇಳಿದು, ಒಂದು ಕಿಲೋಮೀಟರ್ ಆಚೆ ಇನ್ನೊಂದು ಕಡೆ ಏಳುವುದು. ದೋಣಿ ಲಂಗರು ಹಾಕುವುದಿಲ್ಲ. ನಮ್ಮ ಉಸಿರಿನ ಗುಳ್ಳೆ ನೋಡಿಕೊಂಡು ಮೇಲೆ ಮೇಲೆಯೇ ಹಿಂಬಾಲಿಸುತ್ತದೆ.

ದೋಣಿ ಅಂದೆ ಅಲ್ವಾ, ಅಲ್ಲಿಯವರೂ ಅದನ್ನು ದೋಣಿ ಅಂತಲೇ ಕರೆಯುತ್ತಾರೆ. ಧಿವೇಹಿ ಅವರ ಭಾಷೆ. ಮೊದಲ ದಿನ ಜೆಟ್ಟಿಯಲ್ಲಿ ಆ ಪದ ಕಿವಿಗೆ ಬಿದ್ದಾಗ ಯಾರೋ ಊರಿನವರು ಮಾತಾಡಿದ ಹಾಗಾಗಿ ತಿರುಗಿ ನೋಡಿದೆ. ನೀರಿನ ಮೇಲ್ಮೈವರೆಗೂ ಎದ್ದು ನಿಂತ ಹವಳದ ದಿಬ್ಬಕ್ಕೆ ಅವರು ಗಿರಿ ಅನ್ನುತ್ತಾರೆ. ಸಮುದ್ರಕ್ಕೆ ಕಂಡು. ಅಟಾಲ್‌ನ ಅಂಚು ಒಡೆದು ಹೊರಗಿನ ಕಡಲಿನ ನೀರು ಒಳಗೆ ಹೋಗಿಬರುವ ಕಾಲುವೆಗೂ ಡೈವಿಂಗ್‌ನವರು ಕಂಡು ಅಂತಲೇ ಹೇಳುತ್ತಾರೆ. ಅಟಾಲ್ ಅನ್ನುವ ಪದವನ್ನು ಜಗತ್ತಿಗೆ ಕೊಟ್ಟದ್ದೂ ಅದೇ ಭಾಷೆ. ನಾವು ಇಳಿಯಬೇಕಿದ್ದದ್ದು ಅಂಥ ಒಂದು ಕಂಡುವಿನ ಉತ್ತರದ ಬದಿಯ ದಿಬ್ಬಕ್ಕೆ. ದಿಬ್ಬದ ತಲೆ ಐದು ಮೀಟರ್ ಆಳದಲ್ಲಿ. ಅಲ್ಲಿಂದ ಅದು ಇಳಿಜಾರಾಗಿ ಕೆಳಗೆ ಹೋಗುತ್ತದೆ. ನಾವು ಹನ್ನೆರಡು ಮೀಟರ್ ದಾಟುವುದಿಲ್ಲ ಅಂತ ಮೊದಲೇ ಮಾತಾಗಿತ್ತು.

ನನಗೆ ಹೊಟ್ಟೆಯಲ್ಲಿ ನಡುಕ. ಅದು ಆಳದ ಭಯ ಅಲ್ಲ. ಹರಿವಿನ ಭಯ.

ನನ್ನ ಊರು ಹೊನ್ನಾವರ. ಶರಾವತಿ ಕಡಲು ಸೇರುವ ಅಳಿವೆಯ ಆಚೆ ದಡ, ಕಾಸರಕೋಡಿನಲ್ಲಿ ಮಾವನ ಮನೆ. ಬೇಸಿಗೆ ರಜೆಯೆಲ್ಲ ಅಲ್ಲಿಯೇ ಕಳೆಯುತ್ತಿತ್ತು. ಇಳಿತ ಬಂದಾಗ ಮಾವ ಬಳಚು, ಅಂದರೆ ಚಿಪ್ಪುಮೀನು, ಆರಿಸಲು ಹೊಳೆಗೆ ಇಳಿಯುತ್ತಿದ್ದರು. ನಾವು ಮಕ್ಕಳೂ ಹಿಂದೆ. ಮೊಣಕಾಲುವರೆಗಿನ ನೀರು ಕೂಡ ಇಳಿತದ ಹೊತ್ತಿನಲ್ಲಿ ಕಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ. ನಿಂತಲ್ಲೇ ನಾವು ಹುಗಿಯುತ್ತೇವೆ. ಆ ಎಳೆತ ನನ್ನ ಪಾದಕ್ಕೆ ಇವತ್ತಿಗೂ ನೆನಪಿದೆ. ಮಾವನಿಗೆ ತಿಥಿ ಗೊತ್ತಿದ್ದರೆ ಸಾಕು, ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ಹೇಳುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ನೀರು ಸೋಮಾರಿ. ಒಮ್ಮೆ ನಾನು ಅಳಿವೆಯ ಕಡೆಗೆ ಸ್ವಲ್ಪ ಜಾಸ್ತಿಯೇ ಹೋಗಿಬಿಟ್ಟೆ. ಕಾಲು ತಪ್ಪಿತು. ದಡದ ಕಡೆಗೆ ಎಷ್ಟು ಕೈ ಬೀಸಿದರೂ ದಡ ಹತ್ತಿರ ಬರಲೇ ಇಲ್ಲ. ಮಾವ ದೋಣಿ ತಂದು ರಟ್ಟೆ ಹಿಡಿದು ಎತ್ತಿದರು. ಬೈಯಲಿಲ್ಲ. "ತಂಗೀ, ಸೆಳೆತಕ್ಕೆ ಎದುರು ಈಜಬೇಡ. ಅಡ್ಡ ಈಜು," ಅಂದರು ಅಷ್ಟೇ. ಆಗ ನನಗೆ ಒಂಬತ್ತು ವರ್ಷ. ಮಾತು ತಲೆಯಲ್ಲಿ ಉಳಿಯಿತು. ಅರ್ಥ ಆಗಲಿಲ್ಲ.

ಡೈವಿಂಗ್ ಕಲಿತದ್ದು ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ. ಅಲ್ಲಿ ದೋಣಿ ಒಂದು ಕಡೆ ನಿಂತಿರುತ್ತದೆ. ನಾವು ಹಗ್ಗ ಹಿಡಿದು ಇಳಿದು, ಸುತ್ತಿ ಬಂದು, ಅದೇ ಹಗ್ಗ ಹಿಡಿದು ಮೇಲೆ ಬರುತ್ತೇವೆ. ಹೋದ ದಾರಿಯಲ್ಲೇ ವಾಪಸ್. ನನ್ನಂಥವಳಿಗೆ ಅದು ಸಮಾಧಾನದ ಲೆಕ್ಕ. ಇಲ್ಲಿ ಹಗ್ಗವೂ ಇಲ್ಲ, ವಾಪಸ್ ಬರುವ ದಾರಿಯೂ ಇಲ್ಲ.

ಹಾರಿದೆ.

ಮೊದಲ ಒಂದು ನಿಮಿಷ ಏನೂ ಗೊತ್ತಾಗಲಿಲ್ಲ. ನೀರಿನೊಳಗೆ ಹರಿವು ಮೈಗೆ ತಟ್ಟುವುದಿಲ್ಲ. ಗಾಳಿ ತಟ್ಟುವ ಹಾಗೆ, ಹೊಳೆಯಲ್ಲಿ ನಿಂತಾಗ ನೀರು ತಟ್ಟುವ ಹಾಗೆ ಏನೂ ಇಲ್ಲ. ನಾನೂ ಅದೇ ವೇಗದಲ್ಲಿ ಹೋಗುತ್ತಿದ್ದೆನಲ್ಲ. ನನ್ನ ಸುತ್ತಲಿನ ನೀರು ನನ್ನ ಪಾಲಿಗೆ ನಿಂತ ನೀರು. ಹೋಗುತ್ತಿರುವುದು ದಿಬ್ಬ ಅನ್ನಿಸುತ್ತದೆ. ರೈಲಿನ ಕಿಟಕಿಯಲ್ಲಿ ತೋಟ ಓಡುತ್ತದಲ್ಲ, ಹಾಗೆ ಹವಳದ ದಿಬ್ಬ ನನ್ನ ಬಲಗಡೆಯಿಂದ ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ಕಾಲು ಆಡಿಸಬೇಕಿಲ್ಲ. ಕೈಗಳನ್ನು ಎದೆಗೆ ಕಟ್ಟಿಕೊಂಡೆ. ಕಿವಿಯಲ್ಲಿ ಚಟಪಟ ಸದ್ದು, ಒಗ್ಗರಣೆಯ ಸಾಸಿವೆ ಸಿಡಿಯುವ ಹಾಗೆ. ಸಣ್ಣ ಸಿಗಡಿಗಳು ಕೊಂಡಿ ಚಟ್ ಅನ್ನಿಸುವ ಸದ್ದು ಅದು. ಆ ಸದ್ದು ಜೋರಾಗಿದ್ದರೆ ದಿಬ್ಬಕ್ಕೆ ಜೀವ ಇದೆ ಅಂತ ಅರ್ಥ ಅಂತ ಗೈಡ್ ಹೇಳಿದ್ದ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮೀನುಗಳೆಲ್ಲ ನನ್ನನ್ನೇ ನೋಡುತ್ತಿದ್ದವು.

ನೇತ್ರಾಣಿಯಲ್ಲಿ ನಾನು ಕಂಡದ್ದು ಜಾಸ್ತಿ ಮೀನಿನ ಬಾಲವನ್ನೇ. ನಾವು ಹತ್ತಿರ ಹೋಗುತ್ತೇವೆ, ಅವು ತಿರುಗಿ ಹೋಗುತ್ತವೆ. ಇಲ್ಲಿ ನೂರಾರು ಮೀನು, ಎಲ್ಲವೂ ನನ್ನ ಕಡೆಗೇ ಮುಖ. ನೀಲಿ ಪಟ್ಟೆಯ ಹಳದಿ ಮೀನುಗಳ ಹಿಂಡು, ಕಿತ್ತಳೆ ಬಣ್ಣದ ಬೆರಳುದ್ದದ ಮೀನುಗಳು, ಆಕಾಶನೀಲಿ ಮೈಗೆ ಹಳದಿ ಬೆನ್ನುರೆಕ್ಕೆಯ ಸರ್ಜನ್ ಮೀನು, ಬಾಯಿ ಸ್ವಲ್ಪ ತೆರೆದುಕೊಂಡ ದಪ್ಪ ತುಟಿಯ ಮೀನು. ಅವು ಇದ್ದಲ್ಲೇ ಬಾಲ ಆಡಿಸುತ್ತಾ ನಿಂತಿದ್ದವು. ನಾನು ಹತ್ತಿರ ಬಂದಾಗ ಗುಂಪು ಬಾಗಿಲಿನ ಹಾಗೆ ಎರಡಾಗಿ ತೆರೆಯಿತು. ನಾನು ದಾಟಿದ ಮೇಲೆ ಮತ್ತೆ ಮುಚ್ಚಿಕೊಂಡಿತು.

ಕಾರಣ ತುಂಬಾ ಸರಳ. ಮೀನು ಹರಿವಿಗೆ ಎದುರಾಗಿ ನಿಲ್ಲುತ್ತದೆ. ಹಾಗೆ ನಿಂತರೇನೇ ಇದ್ದಲ್ಲಿ ಇರಲು ಸಾಧ್ಯ. ಎರಡನೆಯದು, ಊಟ ಬರುವುದು ಆ ಕಡೆಯಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಮೊಟ್ಟೆಗಳು, ಮರಿಗಳು, ಎಲ್ಲವನ್ನೂ ಹರಿವು ಹೊತ್ತು ತರುತ್ತದೆ. ಕಾಲುವೆಯ ಬಾಯಲ್ಲಿ ಮೀನು ಅಷ್ಟೊಂದು ಸೇರುವುದು ಅದಕ್ಕೇ. ಹವಳವೂ ಹಾಗೇ. ಹವಳ ಅಂದರೆ ಕಲ್ಲಲ್ಲ, ಕಲ್ಲಿನ ಮನೆ ಕಟ್ಟಿಕೊಂಡ ಸಣ್ಣ ಸಣ್ಣ ಪ್ರಾಣಿಗಳ ಊರು. ಅವು ಎದ್ದು ಹೋಗಿ ಊಟ ಹುಡುಕಲಾರವು. ಬಂದದ್ದನ್ನು ಹಿಡಿಯಬೇಕು. ಹರಿವು ಜೋರಾದಾಗ ಮೆತ್ತನೆಯ ಹವಳಗಳು ಹೂವಿನ ಹಾಗೆ ಅರಳುತ್ತವೆ. ನೀರು ನಿಂತರೆ ಮುದುಡುತ್ತವೆ. ಆವತ್ತು ಅವೆಲ್ಲ ಅರಳಿದ್ದವು. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಊಟಕ್ಕೆ ಕಾಯುತ್ತಿದ್ದರು. ಆ ಊಟದ ಜೊತೆಗೆ ಪೂರ್ವದಿಂದ ನಾನೂ ಬರುತ್ತಿದ್ದೆ.

ಹೊನ್ನಾವರದಲ್ಲಿ ನನ್ನ ಕಾಲೆಳೆದ ಸೆಳೆತ ಇಲ್ಲಿ ಒಂದು ಇಡೀ ಊರಿಗೆ ಅನ್ನ ತರುತ್ತಿದೆ. ಇದು ತಲೆಗೆ ಹೊಳೆದ ಮೇಲೆ ಹೊಟ್ಟೆಯ ನಡುಕ ನಿಂತಿತು ಅಂತ ಹೇಳಲಾರೆ. ಆದರೆ ನಾನು ಭಯಪಡುತ್ತಿದ್ದ ವಸ್ತುವನ್ನು ಮೊದಲ ಸಲ ಮುಖಾಮುಖಿ ನೋಡಿದ ಹಾಗಾಯಿತು.

ಆಳ ಕಡಿಮೆ ಇದ್ದರೆ ಸುಲಭ ಅಂತ ಅಂದುಕೊಂಡಿದ್ದೆ. ಕೆಲವು ವಿಷಯದಲ್ಲಿ ಹೌದು. ಹತ್ತು ಮೀಟರ್ ಒಳಗೆ ಗಾಳಿ ನಿಧಾನವಾಗಿ ಖರ್ಚಾಗುತ್ತದೆ, ಜಾಸ್ತಿ ಹೊತ್ತು ಇರಬಹುದು. ಬಣ್ಣವೂ ಉಳಿಯುತ್ತದೆ. ನೀರು ಮೊದಲು ನುಂಗುವುದು ಕೆಂಪನ್ನು, ಆಳಕ್ಕೆ ಹೋದಷ್ಟೂ ಎಲ್ಲವೂ ನೀಲಿ ಬೂದು. ಇಲ್ಲಿ ಬಿಸಿಲಿನ ಜಾಲ ಹವಳದ ಮೇಲೆ ಓಡಾಡುವುದು ಕಾಣುತ್ತಿತ್ತು.

ಆದರೆ ಮುಳುಗದೆ, ಮೇಲೇಳದೆ ಒಂದೇ ಮಟ್ಟದಲ್ಲಿ ಇರುವ ಹಾಗೆ ಮೈಯ ತೂಕ ಹಿಡಿತದಲ್ಲಿ ಇಡುವುದು ಆಳ ಕಡಿಮೆಯಾದಷ್ಟೂ ಕಷ್ಟ. ಹತ್ತು ಮೀಟರ್ ಆಳದಲ್ಲಿ ಒಂದು ಲೋಟದಷ್ಟಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೋಟ ಆಗುತ್ತದೆ. ಇಪ್ಪತ್ತರಿಂದ ಮೂವತ್ತು ಮೀಟರ್ ನಡುವೆ ಇಷ್ಟು ವ್ಯತ್ಯಾಸ ಇಲ್ಲ. ಹಾಗಾಗಿ ಮೇಲಿನ ನೀರಿನಲ್ಲಿ ಒಂದು ಮೀಟರ್ ಏರಿದರೂ ತೇಲಲು ಹಾಕಿಕೊಂಡ ಜಾಕೆಟ್‌ನಲ್ಲಿರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಇನ್ನೂ ಮೇಲೆ ಎಳೆಯುತ್ತದೆ. ಗುಂಡಿ ಒತ್ತಿ ಗಾಳಿ ತುಂಬಿ, ಗುಂಡಿ ಒತ್ತಿ ಗಾಳಿ ಬಿಟ್ಟು ಇದನ್ನು ಸರಿದೂಗಿಸಲು ಆಗುವುದಿಲ್ಲ. ಉಸಿರಿನಿಂದಲೇ ಆಗಬೇಕು.

ಅದು ಹೇಗೆ ಅಂತ ಹೇಳುತ್ತೇನೆ. ಮುಂದೆ ಒಂದು ದೊಡ್ಡ ಹವಳದ ಗುಂಡು ಬರುತ್ತಿದೆ. ನಾವು ಅದರ ಕಡೆಗೆ ಸೆಕೆಂಡಿಗೆ ಅರ್ಧ ಮೀಟರ್ ಹೋಗುತ್ತಿದ್ದೇವೆ. ಅಂದರೆ ಹಡಗಿನವರ ಲೆಕ್ಕದಲ್ಲಿ ಒಂದು ನಾಟ್. ಕೇಳಲು ಕಮ್ಮಿ. ಆದರೆ ಗುಂಡಿನ ಹತ್ತಿರ ಬಂದ ಮೇಲೆ ಉಸಿರು ಎಳೆದುಕೊಂಡರೆ ತಡವಾಯಿತು ಅಂತಲೇ ಲೆಕ್ಕ. ಶ್ವಾಸಕೋಶ ತುಂಬಿದ ತಕ್ಷಣ ಮೈ ಏಳುವುದಿಲ್ಲ. ಎರಡು, ಮೂರು ಸೆಕೆಂಡ್ ಬೇಕು. ಹಾಗಾಗಿ ಗುಂಡು ಇನ್ನೂ ಮೂರು ಮೀಟರ್ ದೂರ ಇರುವಾಗಲೇ ನಿಧಾನ ಉಸಿರು ಒಳಗೆ. ಮೊದಲು ಏನೂ ಆಗುವುದಿಲ್ಲ. ಎದೆ ತುಂಬುತ್ತದೆ, ಗುಂಡು ಹತ್ತಿರವಾಗುತ್ತದೆ, ಕೈ ಮುಂದೆ ಚಾಚಿ ತಡೆಯೋಣ ಅನ್ನಿಸುತ್ತದೆ. ಚಾಚಬಾರದು. ಆಗ, ಯಾರೋ ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿದ ಹಾಗೆ ಮೈ ಮೇಲೇಳುತ್ತದೆ. ಗುಂಡಿನ ತಲೆ ಹೊಟ್ಟೆಯಿಂದ ಒಂದು ಗೇಣು ಕೆಳಗೆ ಜಾರಿಹೋಗುತ್ತದೆ. ಅದರ ಮೇಲಿನ ಸಣ್ಣ ಸಣ್ಣ ತೂತು, ಬಣ್ಣಬಣ್ಣದ ಗರಿಯಂಥ ಹುಳುಗಳು ಛಕ್ಕನೆ ಒಳಗೆ ಸೇರಿಕೊಳ್ಳುವುದು, ಎಲ್ಲ ಕಾಣುತ್ತದೆ. ಅದು ದಾಟುವ ಮೊದಲೇ ಉಸಿರು ಹೊರಗೆ. ಮತ್ತೆ ಮೈ ಕೆಳಗೆ. ಉಸಿರು ಹಿಡಿದಿಟ್ಟುಕೊಳ್ಳುವ ಮಾತೇ ಇಲ್ಲ, ಹಿಗ್ಗಿದ ಗಾಳಿ ಶ್ವಾಸಕೋಶವನ್ನೇ ಹರಿದೀತು.

ಮೂರನೇ ದಿನದ ಹೊತ್ತಿಗೆ ಇದು ತಾನಾಗಿ ಆಗುತ್ತಿತ್ತು. ಹತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವಳು ನಾನು. ನನ್ನ ಉಸಿರನ್ನು ನಾನು ಅಷ್ಟು ಹತ್ತಿರದಿಂದ ಗಮನಿಸಿದ್ದು ಅದೇ ಮೊದಲು.

ಡ್ರಿಫ್ಟ್ ಅಂದರೆ ಎಲ್ಲ ಬಿಟ್ಟುಕೊಟ್ಟು ತೇಲುವುದು ಅಂತ ಜನ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸಿಲ್ಲ. ವೇಗ ಮಾತ್ರ ನೀರಿನದು. ಎಷ್ಟು ಆಳದಲ್ಲಿ ಹೋಗಬೇಕು, ದಿಬ್ಬಕ್ಕೆ ಎಷ್ಟು ಹತ್ತಿರ ಹೋಗಬೇಕು ಅನ್ನುವುದು ನಮ್ಮದು. ದಿಬ್ಬಕ್ಕೆ ಉಜ್ಜಿಕೊಂಡು ಹೋಗುವ ನೀರು ನಿಧಾನ, ಎರಡು ಮೀಟರ್ ಆಚೆ ಅದೇ ನೀರು ಜೋರು. ದಿಬ್ಬದ ಮೂಲೆಗಳಲ್ಲಿ ಅದು ಕೆಲವೊಮ್ಮೆ ಕೆಳಕ್ಕೂ ಎಳೆಯುತ್ತದೆ. ದೊಡ್ಡ ಹವಳದ ಹಿಂದೆ ನೀರು ನಿಂತೇ ಇರುತ್ತದೆ, ಹೊಳೆಯ ಬಂಡೆಯ ಹಿಂದೆ ಎಲೆಗಳು ಸುತ್ತುತ್ತಾ ನಿಲ್ಲುತ್ತವಲ್ಲ, ಹಾಗೆ. ಇದನ್ನೆಲ್ಲ ಮೊದಲೇ ಓದಬೇಕು. ಮುಂದಿನದನ್ನು ನೋಡಿ ಈಗಲೇ ತೀರ್ಮಾನ ಮಾಡಬೇಕು. ಬಂದ ಮೇಲೆ ನೋಡೋಣ ಅಂದರೆ ಅದು ಆಗಲೇ ಹಿಂದೆ ಹೋಗಿರುತ್ತದೆ.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ.

ನಾಲ್ಕನೇ ದಿನ. ದಿಬ್ಬದ ಒಂದು ಬಿರುಕಿನಲ್ಲಿ ಏನೋ ಮಿಟುಕಿತು. ಕಲ್ಲು ಅಂದುಕೊಂಡಿದ್ದ ಜಾಗ ಕಣ್ಣು ಬಿಟ್ಟಿತು. ಆಕ್ಟೋಪಸ್! ಗುರುತಿಸುವಷ್ಟರಲ್ಲಿ ನಾನು ಅದನ್ನು ದಾಟಿದ್ದೆ. ಎರಡು ಮೀಟರ್, ಹೆಚ್ಚೆಂದರೆ ಮೂರು. ಇಷ್ಟೇ ಅಲ್ವಾ ಅಂತ ತಿರುಗಿ ಫಿನ್ ಬಡಿದೆ. ತಿರುಗಿದ ಕ್ಷಣದಲ್ಲಿ ಹರಿವು ಮೊದಲ ಸಲ ಮೈಗೆ ತಟ್ಟಿತು. ಮಾಸ್ಕ್ ಅದುರಿತು. ಜೋರಾಗಿ ಬಡಿದೆ. ಬಿರುಕು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಆವತ್ತು ತೊಡೆಗೆ ಗೊತ್ತಾಯಿತು. ಎರಡು ನಿಮಿಷ ಆಗಿರಬಹುದು. ಉಸಿರು ನಾಯಿ ತೇಕಿದ ಹಾಗೆ. ಸಿಲಿಂಡರ್ ಗಾಳಿಯ ಗೇಜ್ ನೋಡಿದರೆ 120 ಬಾರ್ ಇದ್ದದ್ದು 90ಕ್ಕೆ ಬಂದಿತ್ತು. ಉಳಿದವರು ನೀಲಿಯಲ್ಲಿ ಕರಗಿಹೋಗಿದ್ದರು.

ಗೈಡ್ ಮಾತ್ರ ಇದ್ದ. ನನಗಿಂತ ಸ್ವಲ್ಪ ಮುಂದೆ, ಒಂದು ದೊಡ್ಡ ದುಂಡನೆಯ ಹವಳದ ಪಕ್ಕದಲ್ಲಿ. ನನ್ನ ಕಣ್ಣು ಸಿಕ್ಕಿದ ಕೂಡಲೇ ಕೈಯನ್ನು ಅಡ್ಡ ಬೀಸಿದ. ಹಿಂದಕ್ಕಲ್ಲ, ಮುಂದಕ್ಕಲ್ಲ, ಅಡ್ಡ. ದಿಬ್ಬದ ಕಡೆಗೆ. ಫಿನ್ ಬಡಿಯುವುದನ್ನು ನಿಲ್ಲಿಸಿದೆ. ಅಡ್ಡ ಸರಿದೆ. ನಾಲ್ಕು ಬಡಿತಕ್ಕೆ ಆ ಹವಳದ ಹಿಂದೆ ಇದ್ದೆ. ಅಲ್ಲಿ ನೀರು ನಿಂತಿತ್ತು. ಮಂಡಿಯೂರಲಿಲ್ಲ, ಏನನ್ನೂ ಹಿಡಿಯಲಿಲ್ಲ. ಸುಮ್ನೆ ನಿಂತು ಉಸಿರಾಡಿದೆ. ನಮ್ಮಿಬ್ಬರ ತಲೆಯ ಮೇಲೆ ಹರಿವು ಹಾದುಹೋಗುತ್ತಿತ್ತು, ಮೀನುಗಳು ಅದರಲ್ಲಿ ಬಾಲ ಆಡಿಸುತ್ತಿದ್ದವು.

ಮೂವತ್ತು ವರ್ಷ ಹಿಂದಿನ ಮಾವನ ಮಾತು ಆವತ್ತು ಅರ್ಥವಾಯಿತು. ಮಾವ ಈಗಿಲ್ಲ. ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.

ಆ ದುಂಡನೆಯ ಹವಳದ ಬಗ್ಗೆ ಸ್ವಲ್ಪ ಹೇಳಬೇಕು. ಪೊರೈಟಿಸ್ ಅನ್ನುವ ಜಾತಿ. ಎತ್ತರ ಎರಡು ಮೀಟರ್ ಹತ್ತಿರ, ಕಂದು ಬಣ್ಣ, ಹತ್ತಿರದಿಂದ ನೋಡಿದರೆ ಮೈ ತುಂಬಾ ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ. ಈ ಜಾತಿ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅಂದರೆ ನನಗೆ ಮರೆಯಾಗಿ ನಿಂತದ್ದಕ್ಕೆ ಇನ್ನೂರು ವರ್ಷದ ಆಸುಪಾಸು ವಯಸ್ಸು. ಜಿಂಕೆ ಕೊಂಬಿನಂಥ ಕವಲು ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ಆದರೆ ಅಷ್ಟೇ ಸುಲಭವಾಗಿ ಮುರಿಯುತ್ತದೆ.

ಮುರಿಯುವುದನ್ನೂ ಕಂಡೆ. ಅದೇ ವಾರ ಇನ್ನೊಂದು ದೋಣಿಯ ಗುಂಪು ನಮ್ಮ ಹಿಂದೆ ಬಂತು. ಹೊಸಬರೇ ಜಾಸ್ತಿ. ಹರಿವಿನಲ್ಲಿ ನಿಂತು ಫೋಟೊ ತೆಗೆಯಬೇಕು ಅಂತ ಒಬ್ಬರು ಕವಲು ಹವಳವನ್ನು ಹಿಡಿದರು. ಮುರಿದ ಕೊನೆ ಕೈಗೆ ಬಂತು. ಅದನ್ನು ಬಿಟ್ಟು ಮುಂದಿನದನ್ನು ಹಿಡಿದರು. ನನಗೆ ಅಳು ಬಂತು, ಮಾಸ್ಕ್ ಒಳಗೆ. ಅವರನ್ನು ದೂರುವುದೂ ಕಷ್ಟ. ಉಸಿರಿನಿಂದ ಏರಿಳಿಯುವುದನ್ನು ಕಲಿಸದೆ ಹರಿವಿಗೆ ಇಳಿಸಿದರೆ ಯಾರ ಕೈಯಾದರೂ ಸಿಕ್ಕಿದ್ದನ್ನು ಹಿಡಿಯುತ್ತದೆ. ನೀವು ಡ್ರಿಫ್ಟ್‌ಗೆ ಹೋಗುವುದಾದರೆ ದಯವಿಟ್ಟು ಮೊದಲು ನಿಂತ ನೀರಿನಲ್ಲಿ ಹತ್ತಿಪ್ಪತ್ತು ಡೈವ್ ಮಾಡಿ. ಮೈ ತೂಕ ಹಿಡಿತಕ್ಕೆ ಬರಲಿ. ಒಂದು ವರ್ಷ ತಡವಾದರೂ ಪರವಾಗಿಲ್ಲ.

ಪ್ರತಿ ಡೈವ್ ಮುಗಿಯುವುದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದರಿಂದ. ರಕ್ತದಲ್ಲಿ ಕರಗಿದ ಸಾರಜನಕ ನಿಧಾನ ಹೊರಗೆ ಹೋಗಲಿ ಅಂತ. ಗೈಡ್ ಕಿತ್ತಳೆ ಬಣ್ಣದ ಉದ್ದನೆಯ ಬಲೂನಿಗೆ ಗಾಳಿ ತುಂಬಿ ದಾರದ ಜೊತೆ ಮೇಲೆ ಬಿಡುತ್ತಾನೆ. ದೋಣಿಯವನಿಗೆ ಅದೇ ಗುರುತು. ಆ ಹೊತ್ತಿಗೆ ದಿಬ್ಬ ಹಿಂದೆ ಉಳಿದಿರುತ್ತದೆ. ಕೆಳಗೂ ನೀಲಿ, ಸುತ್ತಲೂ ನೀಲಿ. ದಾರದ ಸುತ್ತ ಆರು ಜನ, ಯಾರಿಗೂ ಮಾತಿಲ್ಲ. ನಾವು ಹೋಗುತ್ತಿದ್ದೇವೆ ಅನ್ನುವುದಕ್ಕೆ ಯಾವ ಗುರುತೂ ಇಲ್ಲ, ಆದರೆ ಹೋಗುತ್ತಿದ್ದೇವೆ. ಆ ಮೂರು ನಿಮಿಷ ನನಗೆ ತುಂಬಾ ಇಷ್ಟ.

ಡೈವಿಂಗ್ ಮಾಡಿದ ಮೇಲೆ ಕೂಡಲೇ ವಿಮಾನ ಹತ್ತುವ ಹಾಗಿಲ್ಲ. ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಹಾಗಾಗಿ ಕೊನೆಯ ದಿನ ರಾಜಧಾನಿ ಮಾಲೆಯಲ್ಲಿ ಅಡ್ಡಾಡಿದೆ. ಅಲ್ಲಿ 1658ರಲ್ಲಿ ಕಟ್ಟಿದ ಹುಕುರು ಮಿಸ್ಕಿ ಇದೆ, ಶುಕ್ರವಾರದ ಮಸೀದಿ. ಇಡೀ ಗೋಡೆ ಹವಳದ ಕಲ್ಲು. ನೀರಿನಿಂದ ಎತ್ತಿದ ಹೊಸದರಲ್ಲಿ ಈ ಕಲ್ಲು ಮೆತ್ತಗಿರುತ್ತದೆ, ಕೊರೆಯಬಹುದು. ಒಣಗಿದ ಮೇಲೆ ಗಟ್ಟಿ. ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಕೂರಿಸಿದ್ದಾರೆ. ಹೊರಗಿನಿಂದಲೇ ನೋಡಿದೆ. ಕೆತ್ತನೆಯ ಬಳ್ಳಿಗಳ ನಡುವೆ ಅದೇ ಗುಂಡುಸೂಜಿಯ ಗುಳಿಗಳು. ನನಗೆ ಮರೆಯಾಗಿ ನಿಂತ ಹವಳದ ಬಂಧುಗಳು ಅವು.

ಪಕ್ಕದ ಅಂಗಡಿಯಲ್ಲಿ ಒಂದು ಬುಟ್ಟಿ ಕವಡೆ ಇಟ್ಟಿದ್ದರು. ಹಳದಿ ಬಿಳಿಯ ಸಣ್ಣ ಕವಡೆ. ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು ಚೌಕಾಬಾರ ಆಡಿದ ಕವಡೆ ಇದೇ. ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಶತಮಾನಗಟ್ಟಲೆ ಈ ದ್ವೀಪಗಳಿಂದ ಹಡಗು ತುಂಬಾ ಕವಡೆ ಹೋಗುತ್ತಿತ್ತು, ಬಂಗಾಳದಲ್ಲಿ ಅದು ನಾಣ್ಯ. ಬದಲಿಗೆ ಅಕ್ಕಿ ಬರುತ್ತಿತ್ತು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಇದನ್ನೆಲ್ಲ ನೋಡಿ ಬರೆದಿಟ್ಟಿದ್ದಾನೆ. ಅವನು ಈ ದ್ವೀಪಗಳಲ್ಲಿ ಕಾಜಿಯಾಗಿದ್ದ. ಅದಕ್ಕೂ ಮೊದಲು ನಮ್ಮ ಹೊನ್ನಾವರದಲ್ಲಿ ಉಳಿದಿದ್ದ, ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗಳಿದ್ದವು ಅಂತ ಬರೆದಿದ್ದಾನೆ. ಆ ಹಡಗುಗಳಿಗೂ ಗಾಳಿ ಮತ್ತು ಸೆಳೆತ ಯಾವ ತಿಂಗಳು ಎತ್ತ ಅನ್ನುವುದೇ ವೇಳಾಪಟ್ಟಿ. ಬುಟ್ಟಿಯ ಕವಡೆಯನ್ನು ಮುಟ್ಟಿ ನೋಡಿ ಅಲ್ಲೇ ಬಿಟ್ಟೆ. ಅಜ್ಜಿಯ ನಾಲ್ಕು ಮನೆಯಲ್ಲಿವೆ, ಸಾಕು.

ಆ ವೇಳಾಪಟ್ಟಿ ಇನ್ನೂ ಹಾಗೇ ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇರುವೈ, ಈಶಾನ್ಯದ ಗಾಳಿ. ಆಗ ಕಡಲಿನ ಹರಿವು ಪೂರ್ವದಿಂದ ಪಶ್ಚಿಮಕ್ಕೆ. ಮೇ ತಿಂಗಳಿಂದ ಹುಳಂಗು, ನಮ್ಮ ಮುಂಗಾರೇ ಅದು. ಆಗ ಎಲ್ಲ ತಿರುಗುಮುರುಗು. ಇದರ ಮೇಲೆ ದಿನದ ಉಬ್ಬರ ಇಳಿತದ ಲೆಕ್ಕ ಬೇರೆ. ಗೆಸ್ಟ್‌ಹೌಸ್‌ನ ಗೋಡೆಯ ಮೇಲೆ ಗೈಡ್ ಅಂಟಿಸಿದ್ದ ಉಬ್ಬರದ ಪಟ್ಟಿಯಲ್ಲಿ ಚಂದ್ರನ ಚಿತ್ರ ಇತ್ತು. ಅರ್ಧ ಚಂದ್ರನ ದಿನ "ನಿಧಾನ" ಅಂತ ಬರೆದಿದ್ದ. ಮಾವನ ಅಷ್ಟಮಿ.

ಹಿಂತಿರುಗಿ ಹೋಗಲಾಗದು ಅಂದೆನಲ್ಲ. ಒಂದು ರೀತಿಯಲ್ಲಿ ಹೋದೆ. 2024ರ ಮೇ ಕೊನೆಯಲ್ಲಿ ಮತ್ತೆ ಅದೇ ದ್ವೀಪಕ್ಕೆ ರಜೆ ಹಾಕಿದೆ. ಅದೇ ಗೈಡ್, ಅದೇ ದಿಬ್ಬ. ಅವನು ಮಾಸ್ಕ್ ಹಾಕಿ ಹಾರಿದ, ತೇಲಿದ, ತಲೆ ಎತ್ತಿದ. ಅಂಗೈ ಈ ಸಲ ಪೂರ್ವಕ್ಕೆ ಜಾರಿತು. ನೀರು ಅಟಾಲ್ ಒಳಗಿನಿಂದ ಹೊರಗೆ ಹೋಗುತ್ತಿತ್ತು. ನಾವು ಆಗ ಮುಗಿಸಿದ್ದ ಕಡೆಯಿಂದ ಶುರು ಮಾಡಿ, ಆಗ ಶುರು ಮಾಡಿದ್ದ ಕಡೆಗೆ ಹೋಗಬೇಕು. ಹೊರಗಿನ ಮೂಲೆ ಬರುವ ಮೊದಲೇ ಏಳಬೇಕು, ಇಲ್ಲವಾದರೆ ನೇರ ದೊಡ್ಡ ಕಡಲಿಗೆ. ಅದನ್ನು ಎರಡು ಸಲ ಹೇಳಿದ. ಮತ್ತೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಕೆಳಗೆ ಹೋದ ಮೇಲೆ ಗೊತ್ತಾಯಿತು.

ದಿಬ್ಬ ಬೆಳ್ಳಗಿತ್ತು.

ಎಲ್ಲ ಅಲ್ಲ. ಮೇಜಿನಂತೆ ಹರಡಿದ ಹವಳಗಳು ಸುಣ್ಣ ಬಳಿದ ಹಾಗಿದ್ದವು. ಕೆಲವು ಕವಲು ಹವಳಗಳು ಬಿಳಿಗೆ ಹೋಗುವ ಮೊದಲಿನ ತಿಳಿನೇರಳೆ, ತಿಳಿನೀಲಿ. ಏನೂ ಗೊತ್ತಿಲ್ಲದವರು ನೋಡಿದರೆ ಎಷ್ಟು ಚೆಂದ ಅನ್ನುವ ಬಣ್ಣ. ಹವಳದ ಮೈಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಬಿಸಿಲಿನಲ್ಲಿ ಅದು ಅಡುಗೆ ಮಾಡುತ್ತದೆ, ಹವಳಕ್ಕೆ ಬೇಕಾದ ಶಕ್ತಿಯ ಹೆಚ್ಚುಪಾಲು ಅಲ್ಲಿಂದಲೇ. ಬಣ್ಣವೂ ಅದರದೇ. ಬೇಸಿಗೆಯ ಹೆಚ್ಚಿನ ಬಿಸಿಗಿಂತ ಬರೀ ಒಂದು ಡಿಗ್ರಿ ಮೇಲೆ ಹೋಗಿ ನೀರು ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಉಳಿಯುವುದು ಗಾಜಿನಂಥ ಮೈ, ಅದರೊಳಗೆ ಕಾಣುವ ಬಿಳಿ ಸುಣ್ಣದ ಗೂಡು. ಬಿಳಿಚಿದ್ದು ಸತ್ತ ಹಾಗಲ್ಲ. ಕೆಲವು ವಾರದೊಳಗೆ ನೀರು ತಣಿದರೆ ಪಾಚಿ ಮತ್ತೆ ಸೇರಿಕೊಳ್ಳಬಹುದು. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

1998ರಲ್ಲಿ ಹೀಗಾದಾಗ ಈ ದ್ವೀಪಗಳ ಆಳವಿಲ್ಲದ ದಿಬ್ಬಗಳಲ್ಲಿ ಅನೇಕ ಕಡೆ ಶೇ. 90ರಷ್ಟು ಹವಳ ಸತ್ತಿತ್ತು. ನಿಧಾನವಾಗಿ, ಹದಿನೈದು ವರ್ಷ ಹಿಡಿದು ಚೇತರಿಸಿಕೊಂಡಿತು. 2016ರಲ್ಲಿ ಮತ್ತೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಜಗತ್ತಿನ ಮಟ್ಟದಲ್ಲಿ ನಾಲ್ಕನೇ ಸಲ ಹವಳ ಬಿಳಿಚುತ್ತಿದೆ ಅಂತ ಸಾರಿದರು. ನಮ್ಮ ಲಕ್ಷದ್ವೀಪವೂ ಅದೇ ವರ್ಷ ಬಿಳಿಚಿತು. ಸುದ್ದಿ ಓದಿಯೇ ಹೋಗಿದ್ದೆ. ಓದಿದ್ದು ಯಾವುದೂ ಆವತ್ತು ಸಹಾಯಕ್ಕೆ ಬರಲಿಲ್ಲ. ಕೈಗಡಿಯಾರದ ಕಂಪ್ಯೂಟರ್ 31 ಡಿಗ್ರಿ ತೋರಿಸುತ್ತಿತ್ತು. ಹಿಂದಿನ ಸಲ 28. ಅಟಾಲ್ ಒಳಗೆ ಬಿಸಿಲಿಗೆ ಕಾದ ನೀರನ್ನೇ ಈಗ ಹರಿವು ದಿಬ್ಬದ ಮೇಲೆ ಹಾಯಿಸುತ್ತಿತ್ತು. ಅನ್ನ ತರುವ ದಾರಿಯಲ್ಲೇ ಜ್ವರವೂ ಬರುತ್ತದೆ.

ಮೀನುಗಳು ಇದ್ದವು. ಎಲ್ಲ ಪಶ್ಚಿಮಕ್ಕೆ ತಿರುಗಿ ನಿಂತಿದ್ದವು. ಈ ಸಲವೂ ನನಗೆ ಮುಖವೇ ಕಂಡದ್ದು. ಬಿಳಿ ಹವಳದ ಮೇಲೆ ಅವುಗಳ ಬಣ್ಣ ಎದ್ದು ಕಾಣುತ್ತಿತ್ತು. ಅಡಗಲು ಜಾಗವೇ ಇಲ್ಲ ಅನ್ನುವ ಹಾಗೆ. ಒಂದು ಕಡೆ ಕಡಲ ಹೂವು, ಅಂದರೆ ಹೂವಿನಂತೆ ಕಾಣುವ ಪ್ರಾಣಿ, ಕೂಡ ಪೂರ್ತಿ ಬಿಳಿಚಿತ್ತು, ಅದರ ನಡುವೆ ಈ ಕಡಲಿನಲ್ಲೇ ಇರುವ ಜಾತಿಯ ಕಿತ್ತಳೆ ಬಣ್ಣದ ಎರಡು ಮೀನು. ನಾನು ಹತ್ತಿರ ಬಂದಾಗ ದೊಡ್ಡದು ಮುಂದೆ ಬಂದು ನನ್ನನ್ನು ಗದರಿಸಿತು. ಮನೆ ಕಾಯುವ ಕೆಲಸ ಅದು ಬಿಟ್ಟಿರಲಿಲ್ಲ.

ಆ ದೊಡ್ಡ ಪೊರೈಟಿಸ್ ಎಡಗಡೆಯಿಂದ ಬಂತು. ನಾನು ಹಿಂದೆ ಮರೆಯಾಗಿ ನಿಂತಿದ್ದ ಬದಿ ಈಗ ಹರಿವಿಗೆ ಎದುರಾಗಿತ್ತು. ತಲೆಯ ಭಾಗ ಮಾಸಲು ಬಿಳಿ. ಬುಡದ ನೆರಳಿನಲ್ಲಿ, ಒಂದು ಹರಿವಾಣದಷ್ಟು ಅಗಲ, ಇನ್ನೂ ಕಂದು ಉಳಿದಿತ್ತು. ಹಿಂದಿನ ಸಲ ಬೇಕೆಂದರೂ ವಾಪಸ್ ಹೋಗಲಾಗದ ಬಿರುಕಿಗೆ ಈ ಸಲ ನೀರೇ ನನ್ನನ್ನು ಕರೆದುಕೊಂಡು ಹೋಯಿತು. ಮೊದಲೇ ಗೊತ್ತಿದ್ದರಿಂದ ಮೊದಲೇ ಅಡ್ಡ ಸರಿದು, ದಿಬ್ಬಕ್ಕೆ ಹತ್ತಿರವಾಗಿ, ನಿಧಾನ ನೀರಿನಲ್ಲಿ ಅದರ ಮುಂದೆ ಹಾದುಹೋದೆ. ಖಾಲಿ ಇತ್ತು. ಬಾಯಲ್ಲಿ ಒಡೆದ ಏಡಿಯ ಚಿಪ್ಪುಗಳು ಬಿದ್ದಿದ್ದವು. ಯಾರೋ ಊಟ ಮಾಡಿ ಹೋದ ಗುರುತು.

ಮೂರು ನಿಮಿಷದ ನಿಲುಗಡೆಯಲ್ಲಿ ಗೈಡ್ ನನ್ನ ಕಡೆ ನೋಡಲಿಲ್ಲ. ದೋಣಿ ಹತ್ತಿದ ಮೇಲೆ ಟವೆಲ್ ಕೊಟ್ಟ. "1998ರಲ್ಲಿ ನನಗೆ ಆರು ವರ್ಷ. ನಮ್ಮಪ್ಪ ಮನೆಗೆ ಬಂದು ಸಮುದ್ರದ ಅಡಿ ಹಿಮ ಬಿದ್ದಿದೆ ಅಂದಿದ್ದರು. ನಾವ್ಯಾರೂ ಹಿಮ ನೋಡಿರಲಿಲ್ಲ," ಅಂದ. ಆಮೇಲೆ ಖಾಲಿ ಸಿಲಿಂಡರ್‌ಗಳನ್ನು ಜೋಡಿಸಲು ಹೋದ.

ಮೊನ್ನೆ ಫೆಬ್ರವರಿಯಲ್ಲಿ ಅವನಿಂದ ಒಂದು ಫೋಟೊ ಬಂತು. ಕೆಳಗೆ ಒಂದೇ ಸಾಲು, "ನಿಮ್ಮ ಹವಳ." ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಸುತ್ತಲಿನ ಮೇಜು ಹವಳಗಳು ಸತ್ತಿವೆ, ಮೇಲೆ ಪಾಚಿ ಬೆಳೆದು ಹಸಿರು ಮಿಶ್ರಿತ ಕಂದಾಗಿವೆ. ಒಂದು ಮುರಿದು ಜಾರಿ ಬಿದ್ದಿದೆ. ಪೊರೈಟಿಸ್‌ನ ನೆತ್ತಿಯ ಒಂದು ಭಾಗ ಸತ್ತಿದೆ, ಅದನ್ನು ಗಿಳಿಮೀನು ಕೆರೆದ ಬಿಳಿ ಗೀರುಗಳು ಕಾಣುತ್ತವೆ. ಉಳಿದದ್ದಕ್ಕೆ, ಬುಡದಿಂದ ಹೆಗಲಿನವರೆಗೆ, ಕಂದು ಬಣ್ಣ ವಾಪಸ್ ಬಂದಿದೆ. ಅದರ ಮೇಲೆ ಕಿತ್ತಳೆ ಬಣ್ಣದ ಸಣ್ಣ ಮೀನುಗಳ ಹಿಂಡು. ಒಂದೊಂದನ್ನೂ ನೋಡಿದೆ. ಎಲ್ಲವೂ ಬಲಕ್ಕೆ ಮುಖ ಮಾಡಿವೆ. ದಿಬ್ಬ ಉತ್ತರಕ್ಕಿದೆ, ಹಾಗಾದರೆ ಬಲಗಡೆ ಪೂರ್ವ. ಹೊರಗಿನ ಕಡಲಿನ ನೀರು ಮತ್ತೆ ಒಳಗೆ ಬರುತ್ತಿದೆ.